ಅಮ್ಮನಿಗೆ ಕೇಳಿಸಿತ್ತು

"ಯಾಕೆ ಬಂದೆ? ದಾರಿ ತಪ್ಪಿತಾ?"

ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ನಿಂತವನನ್ನು ಕಂಡ ಕೂಡಲೇ ಅವಳ ಬಾಯಿಂದ ಹೊರಟಿದ್ದು ಇಷ್ಟೇ. ಮದುವೆಯಾಗುತ್ತೇನೆ ಎಂದವನು ಒಂದು ವಾರದಿಂದ ಪತ್ತೆಯೇ ಇರಲಿಲ್ಲ! ಹಾಸಿಗೆ ಹಿಡಿದ ಅಮ್ಮನನ್ನು ಕಂಡು ಮೆಲ್ಲಗೆ ಜಾರಿಕೊಂಡ ಎಂದೇ ಅವಳು ತಿಳಿದಿದ್ದಳು.

ಅಮ್ಮ ಕಣ್ಣು ಮುಚ್ಚಿ ಮಲಗಿ ತಿಂಗಳಾಗಿತ್ತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಅವಳು ದಿನವೂ, ತಾನೂ ಅಮ್ಮನೂ ನಡೆಸುತ್ತಿದ್ದ ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಓಡಿ ಬಂದು, ಯಾರ ಅಂಗಿ ಬಿಗಿಯಾಯಿತು, ಯಾರು ಜಗಳ ತೆಗೆದರು ಎಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು.

ಅದೇ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯ ಯಂತ್ರ ನಡೆಸುವವನೇ ಅವನು. ವಾರದ ಹಿಂದೆ ಅಮ್ಮನನ್ನೂ ಪರೀಕ್ಷಿಸಿ, "ಏನೂ ಕೇಳಿಸ್ತಿಲ್ಲ ಕಣೇ" ಎಂದುಬಿಟ್ಟಿದ್ದ.

ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಕೇಳಿಸದವರ ಮುಂದೆ ಹೇಳಿ ಏನು ಬಂತು...

"ನಾನು ತಪ್ಪು ಮಾಡ್ಬಿಟ್ಟೆ," ಎಂದ ಅವನು.

"ಏನು ತಪ್ಪು?"

"ಕಿವಿಗೆ ಟಿಕ್ ಅಂತ ಸದ್ದು ಕೊಡ್ತೀವಲ್ಲ, ಒಂದು ಸಲಕ್ಕೆ ಮಿದುಳಿನಿಂದ ಬರೋ ಅಲೆ ಬರೀ ಗದ್ದಲ. ಅದಕ್ಕೇ ಸಾವಿರಾರು ಸಲ ಕೊಟ್ಟು, ಬಂದ ಅಲೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೀತೀವಿ. ಗದ್ದಲ ಒಂದಕ್ಕೊಂದು ಹೊಡೆದುಹೋಗತ್ತೆ, ಕಿವಿಯ ಉತ್ತರ ಉಳಿಯತ್ತೆ."

"ಉಳೀಲಿಲ್ಲ ಅಂದೆಯಲ್ಲ!"

"ಎಲ್ಲ ಅಲೆಗಳನ್ನೂ ಟಿಕ್ ಅಂದ ಕ್ಷಣಕ್ಕೇ ಸರಿಯಾಗಿ ಜೋಡಿಸ್ಬೇಕು. ಆ ಕ್ಷಣ ಗುರುತಿಸೋ ತಂತಿ ಸಡಿಲ ಆಗಿತ್ತು, ನಾನು ನೋಡ್ಲಿಲ್ಲ. ಒಂದೊಂದು ಅಲೆ ಒಂದೊಂದು ಕಡೆ ಸರಿದಿತ್ತು. ಸರಾಸರಿಯಲ್ಲಿ ಅಮ್ಮನ ಉತ್ತರಾನೂ ಅಳಿಸಿಹೋಯ್ತು. ಅನುಮಾನ ಬಂದು, ಈ ವಾರವೆಲ್ಲ ಕೂತು ಒಂದೊಂದನ್ನೇ ಮತ್ತೆ ಜೋಡಿಸ್ದೆ. ಖಚಿತ ಆಗದೆ ನಿನಗೆ ಮುಖ ತೋರಿಸೋ ಧೈರ್ಯ ಬರ್ಲಿಲ್ಲ."

"ಅಂದ್ರೆ..."

"ಅಮ್ಮನಿಗೆ ಕೇಳಿಸತ್ತೆ. ಅರ್ಥ ಆಗತ್ತೋ ಇಲ್ವೋ, ನನಗೆ ಗೊತ್ತಿಲ್ಲ."

ಅವಳು ಅಮ್ಮನ ಕಡೆ ತಿರುಗಿದಳು. ವಾರವಿಡೀ ಪಕ್ಕದಲ್ಲೇ ಕೂತು ತುಟಿ ಬಿಚ್ಚಿರಲಿಲ್ಲ! ಮಗಳು ಮುನಿಸಿಕೊಂಡಳೆಂದು ಅಮ್ಮ ಎಷ್ಟು ನೊಂದಿರಬೇಕು...

ಅವನ ಎದೆಗೆ ಎರಡು ಗುದ್ದಿ, ಅಲ್ಲೇ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನೂ ಅತ್ತ.

ಆಮೇಲೆ ಅಮ್ಮನ ಕಿವಿಯ ಹತ್ತಿರ ಬಗ್ಗಿದಳು. "ಅಮ್ಮಾ, ನಾನು ಕಣಮ್ಮ. ನಿನ್ನ ಮೇಲೆ ಸಿಟ್ಟಿರ್ಲಿಲ್ಲ. ಇವನು ಬಂದಿದಾನೆ."

ಅವನು ಮಂಡಿಯೂರಿದ. "ಅಮ್ಮಾ, ನಿಮ್ಮ ಮಗಳು ಅಂದ್ರೆ ನನಗೆ ಪ್ರಾಣ. ನನಗೆ ಕೊಡ್ತೀರಾ?"

ಅಮ್ಮನ ರೆಪ್ಪೆ ಅಲುಗಲಿಲ್ಲ. ಅವನು ಕಾದ.

ಅವಳು ಸೆರಗಿನಿಂದ ಅವನ ಕೆನ್ನೆ ಒರೆಸಿದಳು.

"ನಮ್ಮಮ್ಮ ಯಾವುದಕ್ಕೂ ತಕ್ಷಣ ಹೂಂ ಅನ್ನೋಳಲ್ಲ. ನೀನು ಇಲ್ಲೇ ಕೂತಿರು."

"ಕೂತಿರ್ತೀನಿ," ಎಂದ.