ಬೇರೆಯಾದ ದಿನಾಂಕ

“ಯಾವ ಡೇಟ್ ಹಾಕಲಿ?” ಎಂದು ಸುಮೈರಾ ಕೇಳಿದಳು.

ಶಫೀ ಚಹಾದ ಕಪ್ಪಿನಿಂದ ತಲೆ ಎತ್ತಲಿಲ್ಲ. “ಯಾವ್ದಾದ್ರೂ ಹಾಕು.”

“ಯಾವ್ದಾದ್ರೂ ಅಂದ್ರೆ ಆಗಲ್ಲಪ್ಪ. ಟ್ಯಾಕ್ಸ್‌ನವರು ಕೇಳ್ತಿರೋದು ನಾವಿಬ್ರೂ ಬೇರೆಯಾದ ದಿನ. ಅದನ್ನ ಅಂದಾಜಲ್ಲಿ ಹೇಳೋಕಾಗುತ್ತಾ?”

ಲಿಮರಿಕ್ ಬಸ್ ನಿಲ್ದಾಣದ ಹತ್ತಿರದ ಆ ಕೆಫೆ ಇಬ್ಬರಿಗೂ ನಡುದಾರಿ. ಅವಳು ಕಾರ್ಕ್‌ನಿಂದ ಬರುತ್ತಿದ್ದಳು, ಅವನು ಗಾಲ್ವೇಯಿಂದ. ಕಿಟಕಿ ಪಕ್ಕದ ಮೇಜಿನಲ್ಲಿ ತಲೆಗೆ ತಲೆ ತಾಗುವಂತೆ ಒಂದೇ ಮೊಬೈಲ್ ನೋಡುತ್ತಾ ಕೂತ ಇವರನ್ನು ಕಂಡವರು ಹೊಸ ಪ್ರೇಮಿಗಳೆಂದೇ ಅಂದುಕೊಳ್ಳಬೇಕು. ಮದುವೆ ಮುರಿಯಲು ಬಂದವರೆಂದು ಯಾರಿಗೆ ಹೊಳೆದೀತು!

ಮದುವೆಯಾದಾಗ ಸುಮೈರಾಗೆ ಕಾರ್ಕ್ ಪಕ್ಕದ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಶಫೀ ಇನ್ನೂ ಓದುತ್ತಿದ್ದ. ಐರ್ಲೆಂಡಿನಲ್ಲಿ ಗಂಡ ಹೆಂಡತಿಯ ತೆರಿಗೆ ವಿನಾಯಿತಿಯನ್ನು ಒಟ್ಟಿಗೆ ಸೇರಿಸಬಹುದು. ಒಬ್ಬರಿಗೆ ಸಂಪಾದನೆ ಇಲ್ಲದಿದ್ದರೆ ಆ ಪಾಲೂ ಇನ್ನೊಬ್ಬರಿಗೇ ದಕ್ಕುತ್ತದೆ. ಶಫೀ ತನ್ನ ಪಾಲನ್ನು ಅವಳ ಹೆಸರಿಗೆ ಬರೆದು, “ತಗೋ, ಮೆಹರ್ ಕಮ್ಮಿ ಆಯ್ತು ಅಂತ ನಿಮ್ಮಮ್ಮ ಗೊಣಗ್ತಿದ್ರಲ್ಲ, ಇದನ್ನೂ ಸೇರಿಸ್ಕೋ” ಎಂದು ಕಣ್ಣು ಹೊಡೆದಿದ್ದ. ಅವಳು ನಕ್ಕು ನಕ್ಕು ಸುಸ್ತಾಗಿದ್ದಳು. ಅಂದಿನಿಂದ ಇಬ್ಬರ ತೆರಿಗೆಯೂ ಅವಳ ಹೆಸರಿನಲ್ಲೇ ಇತ್ತು. ಈಗ ಬೇರೆಯಾಗಿದ್ದೇವೆಂದು ತಿಳಿಸುವ ಕೆಲಸವೂ ಅವಳ ತಲೆಗೇ ಬಂದಿತ್ತು.

“ಮೊನ್ನೆ ಅವರಿಗೆ ಫೋನ್ ಮಾಡಿದ್ದೆ,” ಎಂದಳು. “ಗಂಡ ಗಾಲ್ವೇಯಲ್ಲಿದ್ದಾರೆ, ನಾನು ಇಲ್ಲಿದ್ದೀನಿ ಅಂದೆ. ಆ ಹೆಂಗಸು ಏನಂದ್ಲು ಗೊತ್ತಾ? ಕೆಲಸಕ್ಕೆ ಹೋಗಿದ್ದಾರಾ, ಹಾಗಾದ್ರೆ ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ, ನಮ್ಮ ಪ್ರಕಾರ ನೀವಿನ್ನೂ ಒಟ್ಟಿಗೇ ಇದ್ದೀರ ಅಂದ್ಲು. ಮತ್ತೆ ಸೇರೋದೇ ಇಲ್ಲ ಅಂತ ನಿಮಗೇ ಅನ್ನಿಸಿದ್ರೆ ಮಾತ್ರ ತಿಳಿಸಿ ಅಂತ.”

ಹೇಳುತ್ತಾ ಅವನ ಮುಖವನ್ನೇ ನೋಡಿದಳು. ನಿಜ ಹೇಳಬೇಕೆಂದರೆ ಅವಳು ಲಿಮರಿಕ್‌ವರೆಗೆ ಬಂದದ್ದೇ ಒಂದು ಆಸೆಯಿಂದ. ದಿನಾಂಕ ಯಾವುದೆಂದು ಅವನಿಗೂ ಹೇಳಲು ಬರಬಾರದು. ‘ಬಿಡು ಸುಮಿ, ಇದೆಲ್ಲ ಬೇಡ’ ಎಂದು ಅವನೇ ಮೊಬೈಲ್ ಕಿತ್ತುಕೊಳ್ಳಬೇಕು. ಅಷ್ಟು ಸಾಕಿತ್ತು ಅವಳಿಗೆ.

“ಫೆಬ್ರವರಿ ಹಾಕು,” ಎಂದ ಶಫೀ. “ನಾನು ಸೂಟ್‌ಕೇಸ್ ತಗೊಂಡು ಹೊರಟ ದಿನ.”

“ಅವತ್ತಾ? ದಾರಿ ಉದ್ದಕ್ಕೂ ಫೋನ್ ಮಾಡಿದ್ದೆಯಲ್ಲ! ಬಾಗಿಲು ಹಾಕ್ಕೊಂಡ್ಯಾ, ಹೀಟಿಂಗ್ ಆನ್ ಮಾಡಿದ್ಯಾ, ಊಟ ಮಾಡಿದ್ಯಾ ಅಂತ. ಬೇರೆಯಾದೋರು ಹಂಗೆ ತಲೆ ತಿಂತಾರಾ?”

ಅವನ ತುಟಿಯಂಚಿನಲ್ಲಿ ನಗು ಸುಳಿಯಿತು. “ಹಾಗಾದ್ರೆ ಈದ್. ನಾನು ಬರಲಿಲ್ಲ.”

“ನಾನೇ ಬಂದೆನಲ್ಲ. ಡಬ್ಬಿ ತುಂಬ ಶೀರ್ ಖುರ್ಮಾ ತಂದಿದ್ದೆ. ಕಾರಲ್ಲಿ ಕೂತು ಸಮುದ್ರ ನೋಡ್ತಾ ಇಬ್ರೂ ಒಂದೇ ಚಮಚದಲ್ಲಿ ತಿಂದ್ವಿ. ಡಬ್ಬಿ ತಳಾನೂ ಬಿಡಲಿಲ್ಲ ನೀನು.”

“ಸಕ್ಕರೆ ಜಾಸ್ತಿ ಆಗಿತ್ತು.”

“ಆಗ ಹೇಳಲಿಲ್ಲ!”

“ಆಗ ಹೇಳಿದ್ರೆ ನೀನು ಡಬ್ಬಿ ಕಿತ್ಕೋತಿದ್ದೆ.”

ಇಬ್ಬರೂ ನಕ್ಕರು. ನಕ್ಕದ್ದಕ್ಕೆ ನಾಚಿಕೆಯಾದವರಂತೆ ಇಬ್ಬರೂ ಚಹಾ ಕುಡಿದರು. ಇಷ್ಟು ಚೆನ್ನಾಗಿ ಜಗಳವಾಡಬಲ್ಲ ಇಬ್ಬರನ್ನು ಬೇರೆ ಮಾಡಲು ಯಾರಿಗಾದರೂ ಮನಸ್ಸು ಬಂದೀತೇ ಎಂದು ಅವಳಿಗೆ ಅನ್ನಿಸಿತು. ಆಸೆ ಸ್ವಲ್ಪ ಚಿಗುರಿತು ಕೂಡ.

“ನಾನು ಫೋನಲ್ಲಿ ಇನ್ನು ಬರಬೇಡ ಅಂದೆನಲ್ಲ, ಆಗಸ್ಟಲ್ಲಿ,” ಎಂದು ಅವಳೇ ಮೆಲ್ಲಗೆ ಕೇಳಿದಳು. “ಅದಾಗಬಹುದಾ?”

ಶಫೀ ಕಪ್ಪನ್ನು ಪಕ್ಕಕ್ಕೆ ಸರಿಸಿದ. “ಅವತ್ತೂ ಬಂದಿದ್ದೆ ಸುಮಿ. ಮನೆ ಎದುರಿಗೇ ಕಾರಲ್ಲಿ ಕೂತಿದ್ದೆ. ನೀನು ಪಾತ್ರೆ ತೊಳೀತಿದ್ದೆ, ಕಿಟಕೀಲಿ ಕಾಣಿಸ್ತಿದ್ದೆ. ನೋಡಿ ವಾಪಸ್ ಹೋದೆ.”

“ಒಳಗೆ ಯಾಕೆ ಬರಲಿಲ್ಲ?”

“ಬಾಗಿಲು ತೆಗೆದ್ರೆ ಮೊದಲು ಆ ರೂಮೇ ಕಾಣುತ್ತಲ್ಲ.”

ಆ ರೂಮಿಗೆ ಇಬ್ಬರೂ ಸೇರಿ ಹಳದಿ ಬಣ್ಣ ಬಳಿದಿದ್ದರು. ಅದಕ್ಕೆ ಬರಬೇಕಾಗಿದ್ದ ಮಗಳು ಹುಟ್ಟಿ ಒಂದು ವಾರವೂ ಉಳಿಯಲಿಲ್ಲ. ಅವಳನ್ನು ಕಾರ್ಕ್‌ನಲ್ಲಿಯೇ ಮಣ್ಣು ಮಾಡಿದರು. ಅಂದಿನಿಂದ ಶಫೀಗೆ ಆ ಊರಿನಲ್ಲಿ ಉಸಿರು ಕಟ್ಟುತ್ತಿತ್ತು. ಸುಮೈರಾಗೆ ಆ ಊರು ಬಿಟ್ಟರೆ ಉಸಿರಾಡಲು ಆಗುತ್ತಿರಲಿಲ್ಲ. ಇಬ್ಬರದೂ ತಪ್ಪಲ್ಲ. ತಪ್ಪಾಗಿದ್ದರೆ ಕ್ಷಮೆ ಕೇಳಿ ಸರಿಮಾಡಿಕೊಳ್ಳುತ್ತಿದ್ದರು.

“ಗಾಲ್ವೇಗೆ ಬಂದುಬಿಡು,” ಎಂದ, ಈಗಾಗಲೇ ಸಾಕಷ್ಟು ಸಲ ಕೇಳಿದ್ದ ಮಾತನ್ನು.

“ಅವಳನ್ನ ಒಬ್ಬಳನ್ನೇ ಬಿಟ್ಟಾ? ಶುಕ್ರವಾರ ಯಾರು ಹೋಗ್ತಾರೆ ಅವಳ ಹತ್ರ? ನೀನೇ ವಾಪಸ್ ಬಾ ಶಫೀ.”

ಅವನು ತಲೆ ಅಲ್ಲಾಡಿಸಿದ. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು, ಒರೆಸಿಕೊಳ್ಳಲೂ ಇಲ್ಲ. “ಆಗಲ್ಲ ಕಣೇ. ನಾಳೆ ಆಗುತ್ತೆ, ನಾಡಿದ್ದು ಆಗುತ್ತೆ ಅಂತ ನಿನ್ನನ್ನ ಕಾಯಿಸ್ತಾನೇ ಇದ್ದೀನಿ. ಇನ್ನು ಕಾಯಿಸಬಾರ್ದು. ಮೋಸ ಆಗುತ್ತೆ.”

ಅವಳಿಗೆ ಅರ್ಥವಾಯಿತು. ಇಷ್ಟು ದಿನ ಅವನು ಕೆಲಸಕ್ಕೆ ಹೋಗಿದ್ದ, ಕೋಪಕ್ಕೆ ಹೋಗಿದ್ದ, ನೋವು ತಾಳಲಾರದೆ ಹೋಗಿದ್ದ. ಬರುವುದಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ಈಗ ಹೇಳಿದ್ದ.

ಅವಳು ಮೊಬೈಲ್ ಹತ್ತಿರ ಎಳೆದುಕೊಂಡಳು. ದಿನಾಂಕ ಹಾಕಿದಳು. ಅವನು ಬಗ್ಗಿ ನೋಡಿದ.

“ಇವತ್ತಿಂದಾ?”

“ಇವತ್ತೇ ತಾನೆ ಆಗಿದ್ದು,” ಎಂದು ಸುಮೈರಾ ಕಳಿಸುವ ಗುಂಡಿ ಒತ್ತಿದಳು. ಮಾಹಿತಿ ತಲುಪಿದೆಯೆಂದು ಪರದೆ ಸೌಜನ್ಯದಿಂದಲೇ ತಿಳಿಸಿತು.

ಹೊರಗೆ ಗಾಲ್ವೇ ಬಸ್ಸು ಬಂದು ನಿಂತಿತ್ತು. ಅದರ ಪಕ್ಕದಲ್ಲೇ ಕಾರ್ಕ್‌ನದು. ಇಬ್ಬರೂ ರಸ್ತೆ ದಾಟಿ ನಿಂತರು. ಅವನು ಎಂದಿನಂತೆ ಅವಳ ಸ್ಕಾರ್ಫಿನ ತುದಿಯನ್ನು ಕೋಟಿನೊಳಗೆ ಸಿಕ್ಕಿಸಿದ. ಆಮೇಲೆ ಕೈ ತೆಗೆಯಲೇ ಇಲ್ಲ.

“ಸುಮಿ, ದಿನ ಇನ್ನೂ ಮುಗಿದಿಲ್ಲ ಅಲ್ವಾ?”

“ಇಲ್ಲ.”

“ಒಂದ್ಸಲ ನನ್ನ ಅವಳ ಹತ್ರ ಕರ್ಕೊಂಡು ಹೋಗು. ಒಬ್ಬನೇ ಹೋಗೋಕೆ ನನ್ನ ಕೈಲಾಗಲ್ಲ. ನಾವಿಬ್ರೂ ಇನ್ನೂ ಒಟ್ಟಿಗಿರೋವಾಗಲೇ ಹೋಗಿಬರೋಣ.”

ಅವಳು ಅವನ ಕೈ ಹಿಡಿದು ಕಾರ್ಕ್ ಬಸ್ಸಿನ ಕಡೆ ನಡೆದಳು. ತನ್ನ ಟಿಕೆಟ್ ತೋರಿಸಿ ಒಳಗೆ ಹೋಗುವಾಗ ಹಿಂದೆ ಅವನು ಡ್ರೈವರಿಗೆ ಹೇಳುವುದು ಕೇಳಿಸಿತು: ಕಾರ್ಕ್‌ಗೆ ಒಂದು, ಹೋಗಿ ಬರೋಕೆ.

ಸುಮೈರಾ ಕಿಟಕಿಯ ಪಕ್ಕಕ್ಕೆ ಸರಿದು, ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡು, ಅವನಿಗೆ ಜಾಗ ಮಾಡಿಕೊಟ್ಟಳು.