ಅಮ್ಮನ ಪುಡಿಯ ಮೊಸರು

"ಅಯ್ಯೋ, ಬಿಸಿ!"

ಅಮೂಲ್ಯಾ ಕಿರುಬೆರಳನ್ನು ಹಾಲಿನಿಂದ ಫಟ್ಟನೆ ಎಳೆದುಕೊಂಡಳು. ಇಷ್ಟು ಬಿಸಿ ಇದ್ದರೆ ಕೆಲಸ ಕೆಟ್ಟಿತು. ಹೆಪ್ಪು ಹಾಕುವಾಗ ಹಾಲು ಬೆರಳಿಗೆ ಬೆಚ್ಚಗೆ ತಾಗಬೇಕು, ಸುಡಬಾರದು. ಕಿಟ್ಟಣ್ಣ ನೂರು ಸಲ ಹೇಳಿದ್ದ.

ಕಿಟ್ಟಣ್ಣ ಅವಳ ಅಪ್ಪನ ಹೋಟೆಲಿನ ಅಡುಗೆಯವನು. ನೌಪಾಡಾ ಬಡಾವಣೆಯಲ್ಲಿ ಕೆಳಗೆ ಹೋಟೆಲ್, ಮೇಲಿನ ಮಹಡಿಯಲ್ಲಿ ಮನೆ. ಬೆಳಗ್ಗೆ ಆರೂವರೆಯ ಹೊತ್ತಿಗೆ ಅವನು ಸಾಂಬಾರಿನ ಗಡಿಬಿಡಿಯಲ್ಲಿದ್ದ. ಸ್ಕೂಲ್ ಬಸ್ ಬರಲು ಹತ್ತೇ ನಿಮಿಷ.

ಹಾಲು ಸ್ವಲ್ಪ ಆರಿತು. ಅಮೂಲ್ಯಾ ಯೂನಿಫಾರ್ಮಿನ ಜೇಬಿನಿಂದ ಒಂದು ಬಿಳಿ ಪೊಟ್ಟಣ ತೆಗೆದು, ಹರಿದು, ಪುಡಿಯನ್ನೆಲ್ಲ ಹಾಲಿಗೆ ಸುರಿದು ಕಲಸಿದಳು. ಡಬ್ಬಿಗೆ ಮುಚ್ಚಳ ಹಾಕಿ, ಕಿಟ್ಟಣ್ಣನ ಮೊಸರಿನ ಪಾತ್ರೆಯ ಪಕ್ಕದಲ್ಲಿಟ್ಟು, ಬ್ಯಾಗು ಎತ್ತಿಕೊಂಡು ಓಡಿದಳು.

ಆ ಪೊಟ್ಟಣ ಅಮ್ಮನದು. ಕದ್ದದ್ದು ಎಂದೇ ಹೇಳಬೇಕು, ಏನು ಮಾಡುವುದು!

ಅಮ್ಮನ ಹೆಸರು ವಾರಿಜಾ. ಅಮ್ಮ ಸ್ವಲ್ಪ ದಪ್ಪ. "ಸ್ವಲ್ಪ ಎಂತದು, ಒಳ್ಳೇ ದಪ್ಪ!" ಎಂದು ಅವಳೇ ನಗುತ್ತಿದ್ದಳು, ಮೊದಲೆಲ್ಲ. ಆಗ ದಿನಾ ಹೋಟೆಲಿನ ಗಲ್ಲಾದಲ್ಲಿ ಕೂತು ಬಂದವರನ್ನೆಲ್ಲ ಮಾತಾಡಿಸುತ್ತಿದ್ದಳು. ಒಂದು ದಿನ ಒಬ್ಬ ಗಿರಾಕಿ ಅಪ್ಪನಿಗೆ, "ಶೇಟ್, ಅರ್ಧ ಇಡ್ಲಿ ನಿಮ್ಮ ಹೆಂಡತಿಯೇ ಖಾಲಿ ಮಾಡ್ತಾರಾ?" ಎಂದು ಹಿಂದಿಯಲ್ಲಿ ಜೋಕ್ ಹೊಡೆದ. ಎಲ್ಲರೂ ನಕ್ಕರು. ಮರುದಿನದಿಂದ ಅಮ್ಮ ಕೆಳಗೆ ಇಳಿಯಲೇ ಇಲ್ಲ. ಪರದೆ ಎಳೆದುಕೊಂಡು ಮಲಗಿರುತ್ತಿದ್ದಳು. ಪೇರೆಂಟ್ಸ್ ಮೀಟಿಂಗಿಗೂ ಬರಲಿಲ್ಲ.

ಆಮೇಲೆ ಬಂತು ಈ ಪುಡಿ. ತೂಕ ಜಾಸ್ತಿ ಇರುವ ದೊಡ್ಡವರಿಗಾಗಿ ಖಾರಘರದ ಒಂದು ಆಸ್ಪತ್ರೆಯಲ್ಲಿ ಏನೋ ಪರೀಕ್ಷೆ ನಡೆಯುತ್ತಿತ್ತು. ಹೊಟ್ಟೆಗೆ ಒಳ್ಳೆಯ ಕ್ರಿಮಿಗಳನ್ನು ಕೊಟ್ಟರೆ ಮನಸ್ಸಿಗೂ ಹಿತವಾಗುತ್ತದೆಯೋ ಎಂದು ನೋಡುವ ಪರೀಕ್ಷೆ. ಹನ್ನೆರಡು ವಾರ, ದಿನಕ್ಕೊಂದು ಪೊಟ್ಟಣ ನೀರಿಗೆ ಹಾಕಿ ಕುಡಿಯಬೇಕು. ಜೊತೆಗೊಂದು ನೋಟ್‌ಬುಕ್. ಇವತ್ತು ಮನಸ್ಸು ಹೇಗಿತ್ತು ಎಂದು ಪ್ರತಿ ಸಂಜೆ ಹತ್ತು ಮಾರ್ಕಿನಲ್ಲಿ ಇಷ್ಟು ಎಂದು ಹಾಕಿ, ಯಾಕೆ ಎಂದು ಒಂದು ಸಾಲು ಬರೆಯಬೇಕು.

ಅಮ್ಮನಿಗೆ ಬರೆಯುವುದೆಂದರೆ ಬೇಜಾರು. "ಕೊಡು ಇಲ್ಲಿ, ನಾನು ಟೀಚರ್!" ಎಂದು ಅಮೂಲ್ಯಾ ಪೆನ್ನು ಕಸಿದುಕೊಂಡಿದ್ದಳು. ಮೊದಲ ವಾರ ಎರಡು, ಮೂರು. ಈಗ ಏಳು, ಎಂಟು! ತೂಕವೇನೂ ಅಷ್ಟು ಇಳಿದಿರಲಿಲ್ಲ. ಆದರೆ ಅಮ್ಮ ಪರದೆ ಸರಿಸಿದ್ದಳು, ಮೆಟ್ಟಿಲು ಇಳಿದು ಕೆಳಗೂ ಬರತೊಡಗಿದ್ದಳು.

ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಎರಡೇ ಪೊಟ್ಟಣ. ಅದೂ ಮುಗಿದ ಮೇಲೆ? ಅಮ್ಮ ಮತ್ತೆ ಪರದೆ ಎಳೆದುಕೊಂಡರೆ? ಈ ಯೋಚನೆ ಹತ್ತಿ ಅಮೂಲ್ಯಾಳಿಗೆ ಊಟವೇ ಸೇರುತ್ತಿರಲಿಲ್ಲ.

ಹೋಟೆಲಿನ ಮಗಳಿಗೆ ಹೊಳೆದದ್ದೂ ಹೋಟೆಲಿನ ಉಪಾಯವೇ. ಕಿಟ್ಟಣ್ಣ ದಿನಾ ಒಂದು ಸೌಟು ಮೊಸರು ಎತ್ತಿಟ್ಟು ಮರುದಿನದ ಹಾಲಿಗೆ ಹೆಪ್ಪು ಹಾಕುತ್ತಾನೆ. ಹೋಟೆಲ್ ಶುರುವಾದಾಗಿನಿಂದ ಅದೇ ಹೆಪ್ಪು, ಮುಗಿಯುವುದೇ ಇಲ್ಲ. ಮೊಸರಲ್ಲೂ ಒಳ್ಳೆಯ ಕ್ರಿಮಿ, ಪುಡಿಯಲ್ಲೂ ಒಳ್ಳೆಯ ಕ್ರಿಮಿ. ಹಾಗಿದ್ದರೆ ಒಂದೇ ಪೊಟ್ಟಣದಲ್ಲಿ ಅಮ್ಮನಿಗೆ ಜೀವಮಾನಕ್ಕಾಗುವಷ್ಟು ಪುಡಿ ಆಯಿತಲ್ಲ!

ಮಧ್ಯಾಹ್ನ ಒಂದು ಗಂಟೆಗೆ ಅವಳು ಬಸ್ಸಿಳಿದು ಸೀದಾ ಹೋಟೆಲಿನ ಅಡುಗೆಮನೆಗೆ ನುಗ್ಗಿದಳು. ಕಿಟ್ಟಣ್ಣನ ಪಾತ್ರೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಅವಳ ಡಬ್ಬಿಯಲ್ಲಿ ಹಾಲು ಹಾಲಾಗಿಯೇ ಇತ್ತು.

"ಎಂತ ಮಾರಾಯ್ತಿ, ನನ್ನ ಪಕ್ಕದಲ್ಲೇ ನಿನ್ನದೂ ಒಂದು ಅಂಗಡಿ?" ಕಿಟ್ಟಣ್ಣ ಡಬ್ಬಿ ಎತ್ತಿ ಅಲ್ಲಾಡಿಸಿದ. ಚಮಚದಲ್ಲಿ ತೆಗೆದು ಮೂಸಿದ. "ಇದೆಂತ ಹೆಪ್ಪು ಹಾಕಿದ್ದು ನೀನು? ಇದ್ರಲ್ಲಿ ಜೀವವೇ ಇಲ್ಲ."

ಅಮೂಲ್ಯಾ ಡಬ್ಬಿ ಕಸಿದುಕೊಂಡು ಇಣುಕಿದಳು. ಜೀವವಿಲ್ಲದ ಪುಡಿ! ಅಮ್ಮನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿದ್ದಾರೆ. ಇದು ಗೊತ್ತಾದರೆ ಅಮ್ಮನ ಗತಿ ಏನು?

ಅವಳು ಎಲ್ಲವನ್ನೂ ಕಿಟ್ಟಣ್ಣನಿಗೆ ಹೇಳಿದಳು. ಅವನು ಒಲೆಯ ಉರಿ ಸಣ್ಣ ಮಾಡಿದ. "ಪುಡಿ ವಿಷಯ ನಂಗೆ ಗೊತ್ತಿಲ್ಲ ಮಗಾ. ಆದ್ರೆ ನೀನು ಕದ್ದದ್ದು ಅಮ್ಮನಿಗೆ ಗೊತ್ತಾಗ್ಲೇಬೇಕಲ್ಲ. ಹೋಗು, ನೀನೇ ಹೇಳು."

ಮೇಲೆ ಅಮ್ಮ ಪೆಟ್ಟಿಗೆಯನ್ನು ಮಗುಚಿ ಹುಡುಕುತ್ತಿದ್ದಳು. "ಪುಟ್ಟಿ, ಎರಡು ಇತ್ತಲ್ಲ? ಒಂದು ಎಲ್ಲಿ ಹೋಯ್ತು? ನಾಡಿದ್ದು ಆಸ್ಪತ್ರೆಯಲ್ಲಿ ಖಾಲಿ ಪೊಟ್ಟಣ ಎಲ್ಲ ತೋರಿಸ್ಬೇಕು!"

ಅಮೂಲ್ಯಾ ಗಳಗಳನೆ ಅತ್ತುಬಿಟ್ಟಳು. ಅಳುತ್ತ ಅಳುತ್ತಲೇ ಎಲ್ಲ ಹೊರಬಂತು. "ಸಾರಿ ಅಮ್ಮಾ, ನಾನೇ ತಗೊಂಡೆ. ಮೊಸರು ಮಾಡ್ಲಿಕ್ಕೆ. ಪುಡಿ ಮುಗಿದ್ರೆ ನೀನು ಮತ್ತೆ ಮಲಗಿಬಿಡ್ತಿ ಅಂತ. ಆದ್ರೆ ಮೊಸರೇ ಆಗ್ಲಿಲ್ಲ. ಅದ್ರಲ್ಲಿ ಜೀವವೇ ಇಲ್ವಂತೆ. ಫೇಕ್ ಅಮ್ಮಾ ಅದು!"

ಅಮ್ಮ ಕಣ್ಣು ಪಿಳಿಪಿಳಿ ಮಾಡಿದಳು. ಆಮೇಲೆ ನಗತೊಡಗಿದಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಫೇಕ್ ಅಲ್ಲ ಮಗಾ. ಮೊದಲ ದಿನವೇ ಡಾಕ್ಟರ್ ಹೇಳಿದ್ರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಪುಡಿ. ಯಾರಿಗೆ ಯಾವುದು ಅಂತ ಅವ್ರಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮತ್ತೆ ಎಲ್ಲ ಕ್ರಿಮಿಗೂ ಮೊಸರು ಮಾಡ್ಲಿಕ್ಕೆ ಬರ್ತದಾ? ಅದೂ ಗೊತ್ತಿಲ್ಲ. ಒಂದು ದಿನ ತಪ್ಪಿತು ಅಂತ ಹೇಳಿದ್ರಾಯ್ತು. ಆದ್ರೆ ಇನ್ನು ಕೇಳದೆ ಮುಟ್ಟಬೇಡ, ಆಯ್ತಾ?"

"ಆಯ್ತು. ಮತ್ತೆ ಎಂಟು ಮಾರ್ಕ್? ಸುಮ್ನೆ ಹೇಳಿದ್ದಾ?"

"ಛೇ, ಇಲ್ಲ! ಎಂಟು ನಿಜವಾದ ಎಂಟೇ." ಅಮ್ಮ ಅವಳ ಮೂಗು ಒರೆಸಿದಳು. "ಹೇಗೆ ಬಂತು ಅಂತ ನಂಗೂ ತಿಳೀಲಿಲ್ಲ."

ಅಮ್ಮ ಅನ್ನ ಬಡಿಸಲು ಒಳಗೆ ಹೋದಳು. ಅಮೂಲ್ಯಾ ನೋಟ್‌ಬುಕ್ ತೆರೆದಳು. ಎಲ್ಲ ಅಮ್ಮ ಹೇಳಿದ ಮಾತು, ಅವಳದೇ ಕೋಳಿಕಾಲು ಅಕ್ಷರ.

ಎರಡು. ತಲೆನೋವು.

ಮೂರು. ಆ ದಿನ ಎಲ್ಲರ ಜೊತೆ ಅಪ್ಪನೂ ನಕ್ಕರು. ಅದೇ ಬೇಸರ.

ಈ ಸಾಲು ಬರೆದ ಸಂಜೆ ಅಮೂಲ್ಯಾ ಓಡಿಹೋಗಿ ಅಪ್ಪನಿಗೆ ಹೇಳಿದ್ದಳು. ಮುಂದಿನ ಪುಟ ತಿರುಗಿಸಿದಳು.

ಐದು. ಅಪ್ಪ ರಶ್ ಟೈಮಲ್ಲಿ ಕಾಫಿ ತಂದುಕೊಟ್ಟರು. ಸಾರಿ ಅಂದರು.

ಆರು. ಪುಟ್ಟಿಯೂ ನಾನೂ ಕೆರೆ ಸುತ್ತಿ ಬಂದೆವು. ಕಾಲು ನೋವು, ಆದರೆ ಖುಷಿ.

ಎಂಟು. ನಾಲ್ಕು ಗಂಟೆ ಹೊತ್ತು ಗಲ್ಲಾದಲ್ಲಿ ಕೂತೆ.

ಅಮೂಲ್ಯಾ ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದಳು. ಪುಡಿ ಎಂಬ ಶಬ್ದ ಒಂದು ಪುಟದಲ್ಲೂ ಇರಲಿಲ್ಲ. ಮೊದಲು ಸ್ಕೂಲಿನಿಂದ ಬಂದ ಕೂಡಲೇ ತಾನು ಬ್ಯಾಗು ಬಿಸಾಡಿ ಆಡಲು ಓಡುತ್ತಿದ್ದದ್ದು ಅವಳಿಗೆ ನೆನಪಾಯಿತು. ಪರದೆಯ ಆಚೆ ಅಮ್ಮ ಏನು ಮಾಡುತ್ತಾಳೆ ಎಂದು ಇಣುಕಿಯೂ ನೋಡುತ್ತಿರಲಿಲ್ಲ.

ಹನ್ನೆರಡು ವಾರ ಮುಗಿಯಿತು. ಅಮ್ಮ ಲೋಕಲ್ ರೈಲು ಹತ್ತಿ ಖಾರಘರಕ್ಕೆ ಹೋಗಿ, ಪೆಟ್ಟಿಗೆ, ನೋಟ್‌ಬುಕ್ ಎಲ್ಲ ಕೊಟ್ಟು ಬಂದಳು. ಪೊಟ್ಟಣ ಹೆಪ್ಪಿಗೆ ಹೋದ ಕತೆ ಕೇಳಿ ಅಲ್ಲಿನ ನರ್ಸ್, ಸಿಸ್ಟರ್ ದಮಯಂತಿ, ಕುರ್ಚಿಯಲ್ಲೇ ನಕ್ಕು ನಕ್ಕು ಸುಸ್ತಾದರಂತೆ.

ಸಂಜೆ ಅಮ್ಮ ಬಾಲ್ಕನಿಯಲ್ಲಿ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಎಂದಿನಷ್ಟು ಮಾತಿರಲಿಲ್ಲ. ಅಮೂಲ್ಯಾ ಬಂದು ನಿಂತಳು.

"ಇವತ್ತು ಎಷ್ಟಮ್ಮಾ?"

"ಪುಸ್ತಕ ಕೊಟ್ಟಾಯ್ತಲ್ಲ ಮಾರಾಯ್ತಿ. ಇನ್ನೆಂತಕ್ಕೆ ಮಾರ್ಕು?"

"ನಂಗೆ ಬೇಕು. ಹೇಳು."

ಅಮ್ಮ ಇನ್ನೊಂದು ಬೀನ್ಸಿನ ನಾರು ಎಳೆದಳು. "ನಾಲ್ಕು," ಅಂದಳು.

ನಾಲ್ಕು! ಹಿಂದಿನ ಅಮೂಲ್ಯಾ ಆಗಿದ್ದರೆ ಹೆದರಿ ಇನ್ನೊಂದು ಪೊಟ್ಟಣ ಹುಡುಕಲು ಓಡುತ್ತಿದ್ದಳೇನೋ. ಈಗಲೂ ಹೆದರಿಕೆಯಾಯಿತು, ಸುಳ್ಳೇಕೆ?

ಅಷ್ಟರಲ್ಲಿ ಕೆಳಗಿನಿಂದ ಗೆಳತಿ ನಿಶಾ ಆಟಕ್ಕೆ ಕರೆದಳು. "ಅಮೂಲ್ಯಾ, ಚಲ್ ನಾ! ಟೀಮ್ ಬನ್ ಗಯೀ!"

"ತುಮ್ ಲೋಗ್ ಶುರು ಕರೋ!" ನೀವೇ ಶುರು ಮಾಡಿ ಎಂದು ಅಮೂಲ್ಯಾ ಬಗ್ಗಿ ಕೂಗಿದಳು. ಆಮೇಲೆ ಸ್ಟೂಲನ್ನು ಅಮ್ಮನ ಹತ್ತಿರಕ್ಕೆ ಎಳೆದು ಕೂತು, ಒಂದು ಹಿಡಿ ಬೀನ್ಸ್ ತನ್ನ ಮಡಿಲಿಗೆ ಹಾಕಿಕೊಂಡಳು.

"ಲೋಕಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ ಅಮ್ಮಾ?"

"ಹೂಂ," ಎಂದಳು ಅಮ್ಮ. ಮತ್ತೆ ಮೆಲ್ಲಗೆ ಹೇಳತೊಡಗಿದಳು.