ಸೋಣ ಒಂಬತ್ತು

ಇಂಟರ್ನೆಟ್ ರೇಡಿಯೊವನ್ನು ಕಂಪ್ಯೂಟರಿನ ಒಳಗಿನಿಂದಲೇ ರೆಕಾರ್ಡ್ ಮಾಡಲು ಮುಂಡಪ್ಪರಿಗೆ ಗೊತ್ತಿರಲಿಲ್ಲ. ಅವರು ಸ್ಪೀಕರಿನ ಎದುರು ಮೈಕ್ ಇಟ್ಟಿದ್ದರು. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಗಲ್ಫಿನ ತುಳುವರ ರೇಡಿಯೊ ತಾನಾಗಿ ರೆಕಾರ್ಡ್ ಆಗುತ್ತಿತ್ತು. ಕುಕ್ಕರಿನ ಸೀಟಿ, ಹೆಂಡತಿ ವಿನೋದಾರ ಬೈಗುಳ, ಎಲ್ಲ ಅದರಲ್ಲಿ ಸೇರುತ್ತಿತ್ತು. ಕಳೆದ ಆಗಸ್ಟ್ 25ರಂದು ವಿನೋದಾ ಎದೆನೋವಿನಿಂದ ತೀರಿಕೊಂಡರು. ರೆಕಾರ್ಡಿಂಗ್ ನಿಲ್ಲಲಿಲ್ಲ.

ಫೆಬ್ರವರಿ 3, ಸೋಮವಾರ, ಮಧ್ಯಾಹ್ನ 1.20ಕ್ಕೆ ಮುಂಡಾಜೆಯ ಮುಂಡಪ್ಪ, 66 ವರ್ಷ, ಬೆಳ್ತಂಗಡಿ ಠಾಣೆಗೆ ಬಂದರು.

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಅನ್ಸಾಫ್ ಕೇಳಿದರು.

"ರೆಕಾರ್ಡಿಂಗ್."

"ಕಂಪ್ಯೂಟರ್?"

"ಅದು ಉಂಟು. ಒಳಗಿನದ್ದನ್ನು ಅಳಿಸಿದ್ದಾರೆ."

"ನೀವೇ ತಪ್ಪಿ ಒತ್ತಿದ್ದೋ ಏನೋ."

"ನಾನು ಕನ್ನಡಕ ರಿಪೇರಿಗೆಂದು ಪೇಟೆಯಲ್ಲಿದ್ದೆ ಸರ್. ಅವಳ ಸ್ವರ ಬೇರೆ ಎಲ್ಲಿಯೂ ಇಲ್ಲ."

ಐಟಿ ಕಾಯ್ದೆಯ ಸೆಕ್ಷನ್ 66ರಡಿ ಎಫ್‌ಐಆರ್ ಆಯಿತು. ಸಂಜೆ 4ಕ್ಕೆ ಸ್ಥಳ ಪಂಚನಾಮೆ. ಬಾಗಿಲು ಮುರಿದಿರಲಿಲ್ಲ. ಬೀಗದ ಕೈ ತುಳಸಿಕಟ್ಟೆಯ ಸಂದಿನಲ್ಲಿ, ಇಟ್ಟ ಜಾಗದಲ್ಲೇ ಇತ್ತು. ಕಂಪ್ಯೂಟರಿಗೆ ಪಾಸ್‌ವರ್ಡ್ ಇರಲಿಲ್ಲ. ಅಳಿಸಿದ ಫೈಲುಗಳನ್ನು ಮರಳಿ ತರಲು ಈ ಬಗೆಯ ಡಿಸ್ಕಿನಲ್ಲಿ ಆಗುವುದಿಲ್ಲ ಎಂದು ಸೈಬರ್ ವಿಭಾಗದವರು ಫೋನಿನಲ್ಲೇ ಹೇಳಿದರು.

ಒಂದು ಫೈಲು ಉಳಿದಿತ್ತು. ಆ ದಿನದ್ದು. ಅಳಿಸುವ ಹೊತ್ತಿಗೆ ಅದು ಇನ್ನೂ ರೆಕಾರ್ಡ್ ಆಗುತ್ತಿದ್ದುದರಿಂದ ಕಂಪ್ಯೂಟರು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಸರು "ಪೊನ್ನಿ 21".

"ಇದೇನು ಹೆಸರು?" ಅನ್ಸಾಫ್ ಕೇಳಿದರು.

"ತುಳು ತಿಂಗಳು ಸರ್," ಎಂದರು ಹೆಡ್ ಕಾನ್‌ಸ್ಟೆಬಲ್ ಸುಬ್ಬಪ್ಪ. "ನನ್ನ ಅಜ್ಜನ ನಂತರ ಹೀಗೆ ಬರೆದವರನ್ನು ಈಗಲೇ ನೋಡುವುದು."

ಫೈಲು ಹಾಕಿದರು. ಇಪ್ಪತ್ತೆರಡನೇ ನಿಮಿಷದಲ್ಲಿ, ಹಾಡಿನ ನಡುವೆ, ಒಬ್ಬ ಗಂಡಸು ಫೋನಿನಲ್ಲಿ ಮಾತಾಡುತ್ತಿದ್ದ.

"ಅಮ್ಮ, ಆಗಸ್ಟ್ ಅಂದರೆ ಆಟಿಯಾ, ಸೋಣವಾ? ... ಎರಡೂ ಹೇಗೆ? ... ಇಪ್ಪತ್ತೈದು ಅಂದರೆ ಎಷ್ಟನೇದು? ... ಬೆರಳು ಮಡಚಿ ಲೆಕ್ಕ ಹಾಕಬೇಡ, ಬಿಡು."

ಆಮೇಲೆ ಮೌಸಿನ ಸದ್ದು.

"ಸೋಣ ಗೊತ್ತಿಲ್ಲದವ ಯಾರು ಮಾರಾಯ ಈ ಊರಲ್ಲಿ?" ಎಂದರು ಸುಬ್ಬಪ್ಪ.

ಮುಂಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶೋಧನ್. ನನ್ನ ಹೆಂಡತಿಯ ಅಣ್ಣನ ಮಗ. ಮುಂಬಯಿಯಲ್ಲಿ ಬೆಳೆದದ್ದು. ಈಗ ಬಂಟ್ವಾಳದಲ್ಲಿ ಹೊಟೇಲು."

"ಕೊನೆಗೆ ಯಾವಾಗ ಬಂದಿದ್ದ?"

"ನಿನ್ನೆ ಊಟಕ್ಕೆ. ಅವಳು ಹೋದ ದಿನದ ರೆಕಾರ್ಡಿಂಗ್ ಕೇಳಲು ಇಷ್ಟು ದಿನ ಧೈರ್ಯ ಇರಲಿಲ್ಲ, ಸೋಮವಾರ ಸಂಜೆ ಕೇಳ್ತೇನೆ ಅಂದೆ."

"ಅವರು ತೀರಿದ ದಿನ ನೀವು ಎಲ್ಲಿದ್ದಿರಿ?"

"ಮೂಡುಬಿದಿರೆಯಲ್ಲಿ, ಮದುವೆಗೆ."

"ಶೋಧನ್?"

"ಅವನು ಆ ದಿನ ಬರಲಿಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಬರಲಿಲ್ಲ ಅಂದಿದ್ದ," ಎಂದು ಸರಿಪಡಿಸಿದರು.

ಫೆಬ್ರವರಿ 4, ಬೆಳಿಗ್ಗೆ 9.15. ಶೋಧನ್ ಕ್ಯಾಶ್ ಕೌಂಟರಿನಲ್ಲಿದ್ದ. ಅನ್ಸಾಫ್ ಮೊಬೈಲಿನಲ್ಲಿ ಫೈಲು ಹಾಕಿದರು. ಅವನು ಪೂರ್ತಿ ಕೇಳಲಿಲ್ಲ.

"ಆಗಸ್ಟ್ 25 ಅಂದರೆ ಸೋಣ ಒಂಬತ್ತು. ಆ ಒಂದು ಫೈಲು ಸಾಕಿತ್ತಲ್ಲ," ಎಂದರು ಅನ್ಸಾಫ್.

"ಯಾವುದು ಅಂತ ಗೊತ್ತಾಗಲಿಲ್ಲ ಸರ್. ಹಾಗಾಗಿ ಎಲ್ಲ."

9.40ಕ್ಕೆ ದಸ್ತಗಿರಿ ಮಾಡಿದರು. ಜೀಪಿನಲ್ಲಿ ಅವನು ಒಂದೇ ಪ್ರಶ್ನೆ ಕೇಳಿದ. "ಮಾವ ಆಗಸ್ಟಿನದ್ದನ್ನು ಕೇಳಿದ್ದಾರಾ?"

"ಇಲ್ಲ."

ಅವನ ಹೇಳಿಕೆ ಒಂದು ಪುಟ. ಆಗಸ್ಟ್ 25ರಂದು ಹತ್ತೂಕಾಲಿಗೆ ಅವನು ಆ ಮನೆಗೆ ಹೋಗಿದ್ದ. ಅತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದರು. ಗ್ಯಾಸ್, ಸೋಡಾ ಕುಡಿಯಿರಿ ಎಂದು ಇವನು ಹೊರಟ. ಹೊಟೇಲಿನಲ್ಲಿ ಭಾನುವಾರದ ರಶ್ಶು. ಹನ್ನೆರಡಕ್ಕೆ ಅವರು ಸತ್ತ ಫೋನು ಬಂತು. ಹಾಗೆ ಹೇಳಿದ್ದಕ್ಕೆ ಯಾವ ಸೆಕ್ಷನ್ನೂ ಹಾಕುವ ಹಾಗಿರಲಿಲ್ಲ. ಮುಂಡಪ್ಪರ ಕಿವಿಗೆ ಅದು ಬೀಳಬಾರದಿತ್ತು, ಅಷ್ಟೆ.

ಸಂಜೆ ಮುಂಡಪ್ಪ ಠಾಣೆಗೆ ಬಂದರು. ಅನ್ಸಾಫ್ ವಿಷಯ ಹೇಳಿದರು.

"ಕಾರು ಇತ್ತಲ್ಲ ಅವನಲ್ಲಿ," ಎಂದರು ಮುಂಡಪ್ಪ. ಆಮೇಲೆ, "ಅವಳು ಏನೆಂದಳಂತೆ?"

ಅನ್ಸಾಫ್ ಹಾಳೆ ನೋಡಿ ಓದಿದರು. "'ಎದೆ ಉರಿಯುತ್ತದೆ, ಬೆಳ್ತಂಗಡಿಗೆ ಹೋಗುವ.'"

"ತುಳುವಿನಲ್ಲಿ ಹೇಳಿದ್ದಿರಬೇಕು," ಎಂದರು ಮುಂಡಪ್ಪ. "ಇದು ಅವಳ ಮಾತಿನ ಹಾಗಿಲ್ಲ."

ಸುಬ್ಬಪ್ಪ ಕಡತಕ್ಕೆ ಕೊನೆಯ ಹಾಳೆ ಸೇರಿಸಿದರು. ಅಳಿಸಿಹೋದ ಫೈಲು 611. ಅದರಲ್ಲಿ ವಿನೋದಾ ಬದುಕಿದ್ದಾಗಿನದ್ದು 450. ಉಳಿದದ್ದು 1, ಶೋಧನ್ ಮಾತಾಡಿದ್ದು.